ಆಪ್ತಸಮಾಲೋಚನೆಗೆ ಹೋದರೆ ಪಾಸ್‌ಪೋರ್ಟ್ ಸಿಗುವುದಿಲ್ಲವೇ?

ವಿಶ್ವವಿದ್ಯಾಲಯದ ಆಪ್ತಸಮಾಲೋಚನಾ ಕೇಂದ್ರಕ್ಕೆ ಕಾಲಿಟ್ಟರೆ ಅದು ದಾಖಲಾಗಿ ಮುಂದೆ ಪಾಸ್‌ಪೋರ್ಟಿಗೆ ಅಡ್ಡಬರುತ್ತದೆ ಎಂಬ ಸಂದೇಶ ಕಾಸರಗೋಡಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಸುತ್ತುತ್ತಿರುತ್ತದೆ. ಗಲ್ಫ್ ದುಡಿಮೆಯನ್ನು ನಂಬಿದ ಮನೆಗಳು ಅನೇಕವಿರುವ ಊರಿನಲ್ಲಿ ಈ ಭಯ ಸಹಜ. ಹಿರಿಯರು ಮಕ್ಕಳ ಮೇಲಿನ ಕಾಳಜಿಯಿಂದಲೇ ಅದನ್ನು ಕಳಿಸುತ್ತಾರೆ.

ಆದರೆ ವಿಷಯ ಹಾಗಿಲ್ಲ. ಪಾಸ್‌ಪೋರ್ಟಿನ ಪೊಲೀಸ್ ಪರಿಶೀಲನೆ ನೋಡುವುದು ಗುರುತು, ವಿಳಾಸ, ಕ್ರಿಮಿನಲ್ ಪ್ರಕರಣಗಳನ್ನು. ಕೇಂದ್ರದ ಮನಶ್ಶಾಸ್ತ್ರಜ್ಞರು ಟಿಪ್ಪಣಿ ಬರೆದಿಡುವುದು ನಿಜ; ಅದು ಮುಂದಿನ ಭೇಟಿಗೆ ಬೇಕು, ಅಂಕಪಟ್ಟಿಗಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ವಿನಾಯಿತಿಗಳೂ ಇವೆ: ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಆದೇಶಿಸಿದಾಗ ಇತ್ಯಾದಿ. ಇದನ್ನು ಮುಚ್ಚಿಡದೆ ಮೊದಲ ದಿನವೇ ತಿಳಿಸುವುದು ಒಳ್ಳೆಯ ಸಮಾಲೋಚಕರ ಕ್ರಮ.

ಅಷ್ಟಕ್ಕೂ ಅಲ್ಲಿಗೆ ಬರುವವರು ಯಾರು? ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದವರು, ಮನೆಯ ನೆನಪಿನಲ್ಲಿ ಊಟ ಬಿಟ್ಟವರು, ಬದಿಯಡ್ಕದ ಕಡೆ ಕನ್ನಡ ಮಾಧ್ಯಮದಲ್ಲಿ ಓದಿ ಹಾಸ್ಟೆಲಿನ ಮಲಯಾಳಕ್ಕೂ ತರಗತಿಯ ಇಂಗ್ಲಿಷಿಗೂ ನಡುವೆ ಮೂಕರಾದವರು. ಇವರಲ್ಲಿ ಅನೇಕರಿಗೆ ಬೇಕಾದದ್ದು ಮಾತ್ರೆಯಲ್ಲ, ಮಾತು. ಔಷಧಿ ಬೇಕಾದರೂ ಅದನ್ನು ಬರೆಯುವವರು ಮನೋವೈದ್ಯರು, ಮನಶ್ಶಾಸ್ತ್ರಜ್ಞರಲ್ಲ. ಈ ವ್ಯತ್ಯಾಸವನ್ನೂ ಇಂತಹ ಸಂದೇಶಗಳು ಕಲಸಿಬಿಡುತ್ತವೆ.

ಪರೀಕ್ಷಿಸಿ ನೋಡುವುದು ಸುಲಭ. ಸಂದೇಶದಲ್ಲಿ ಕಾನೂನಿನ ಹೆಸರು, ದಿನಾಂಕ ಇದೆಯೇ ನೋಡಿ. ಪಾಸ್‌ಪೋರ್ಟ್ ಅರ್ಜಿಯನ್ನೇ ತೆರೆದು ಅಂತಹ ಪ್ರಶ್ನೆಯನ್ನು ಹುಡುಕಿ. ಕಾಯ್ದೆಯ ಪಠ್ಯ ಸರ್ಕಾರದ ಜಾಲತಾಣದಲ್ಲಿದೆ. ಕೇಂದ್ರಕ್ಕೆ ಹೋದಾಗ ಸಹಿ ಹಾಕುವ ಮುನ್ನ, "ನನ್ನ ಟಿಪ್ಪಣಿ ಎಲ್ಲಿರುತ್ತದೆ, ಯಾರು ಓದಬಹುದು?" ಎಂದು ಕೇಳಿ.