ಹೆಂಚಿನ ಮೇಲಿನ 1865 ಮನೆ ಕಟ್ಟಿದ ಇಸವಿ ಅಲ್ಲ

ಶಿವಮೊಗ್ಗದಲ್ಲಿ ಹಳೇ ಮನೆಯೊಂದನ್ನು ಕೆಡವುವಾಗ ತೆಗೆದ ಹೆಂಚಿನ ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಹೆಂಚಿನ ಮೇಲೆ 'ಬಾಸೆಲ್ ಮಿಷನ್, 1865' ಎಂದು ಉಬ್ಬಿದ ಅಕ್ಷರಗಳಿವೆ. 'ನೋಡಿ, ಮನೆ 1865ರದ್ದು' ಎಂದು ಜೊತೆಗೊಂದು ಸಾಲು. ಇದು ತಪ್ಪು.

1865 ಅಂದರೆ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಅದನ್ನೇ ಅಚ್ಚಿನಲ್ಲಿ ಕೊರೆದಿದ್ದರು. ಹಾಗಾಗಿ ಎಷ್ಟೋ ವರ್ಷಗಳ ನಂತರ ಒತ್ತಿದ ಹೆಂಚಿನಲ್ಲೂ ಅದೇ ಇಸವಿ ಇರುತ್ತದೆ. ಆಲ್ಬುಕರ್ಕ್ ಎಂಬ ಇನ್ನೊಂದು ಕಾರ್ಖಾನೆಯ ಹೆಂಚಿನ ಮೇಲಿನ 1868 ಕೂಡ ಹಾಗೇ.

ಅದೇ ಸಂದೇಶದಲ್ಲಿ ಇನ್ನೊಂದು ಮಾತಿದೆ: ಮಂಗಳೂರು ಹೆಂಚು ಮಲೆನಾಡಿನಲ್ಲಿ ಅನಾದಿ ಕಾಲದಿಂದ ಇದೆಯಂತೆ. ಅದೂ ಸರಿಯಲ್ಲ. ಕಾರ್ಖಾನೆ ಹೆಂಚು ಬರುವ ಮೊದಲು ಇಲ್ಲಿ ಮನೆಗಳ ಮೇಲೆ ಇದ್ದದ್ದು ಹುಲ್ಲು, ಅಡಿಕೆ ಸೋಗೆ, ಕೈಯಲ್ಲಿ ಮಾಡಿದ ನಾಡಹೆಂಚು. ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ, ರೀಪಿನ ಮೇಲೆ ಸಾಲಾಗಿ ಕೂರುವ ಕಾರ್ಖಾನೆ ಹೆಂಚು ಬಂದಾಗ ಅದೇ ಆಗಿನ ಹೊಸ ಫ್ಯಾಷನ್. ಇವತ್ತಿನ ಆರ್‌ಸಿಸಿ ಥರ, ಅಲ್ವಾ?

ಹಾಗಂತ ಆ ಮನೆ ಹೋದದ್ದಕ್ಕೆ ನನಗೇನೂ ಬೇಜಾರಿಲ್ಲ ಅಂತಲ್ಲ. ತುಂಬಾ ಇದೆ. ನಮ್ಮೂರಿನ ಬೀದಿಗಳಲ್ಲಿ ಮರದ ಕಂಬದ ಜಗಲಿಗಳು ಒಂದೊಂದಾಗಿ ಹೋಗಿ ಗಾಜಿನ ಕಾಂಪ್ಲೆಕ್ಸ್ ಏಳುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಉಳಿಸಿಕೊಳ್ಳಿ ಎಂದು ಕೇಳುವಾಗ ತಪ್ಪು ಇಸವಿ ಹೇಳಿದರೆ ನಮ್ಮ ಮಾತಿಗೇ ಬೆಲೆ ಇರುವುದಿಲ್ಲ. ಮನೆಯ ವಯಸ್ಸು ಬೇಕಿದ್ದರೆ ಕ್ರಯಪತ್ರ, ಹಳೇ ಕಂದಾಯದ ರಸೀದಿ ಹುಡುಕಿ. ಹೆಂಚು ಬದಲಾಗಿರಬಹುದು, ಗೋಡೆ ಅದಕ್ಕಿಂತ ಹಳೇದೂ ಇರಬಹುದು.