ಸಿಲ್ವರ್ ಕಾಡಿನಲ್ಲಿ ಸಿಮೆಂಟಿನ ಕೊಂಬೆ

"ಅಪ್ಪಟ ಸಹಜ ಕಾಡಿನ ನಡುವೆ ಪರಿಸರಸ್ನೇಹಿ ಮರದ ಮನೆ. ಎಸಿ, ಜಕೂಝಿ, ರೇನ್ ಡ್ಯಾನ್ಸ್ ಉಂಟು. ಕಾರು ಮರದ ಬುಡದ ತನಕ ಬರುತ್ತದೆ." ಮಲೆನಾಡಿನ ಯಾವ ರಸ್ತೆ ಹಿಡಿದರೂ ಈಗ ಇಂಥದ್ದೊಂದು ಫ್ಲೆಕ್ಸ್ ಎದುರಾಗುತ್ತದೆ. ಫ್ಲೆಕ್ಸನ್ನು ತೂಗುಹಾಕಿರುವುದೂ ಮರಕ್ಕೇ. ನಾಲ್ಕು ಮೂಲೆಗೆ ನಾಲ್ಕು ಮೂರಿಂಚಿನ ಮೊಳೆ. ಸ್ನೇಹ ಅಲ್ಲಿಂದಲೇ ಶುರು.

ಬೇಡಿಕೆ ಇಷ್ಟಿರುವಾಗ ಇನ್ನೂ ಮರದ ಮನೆ ಕಟ್ಟದೆ ಕುಳಿತ ತೋಟದ ಮಾಲೀಕರು ಹಿಂದೆ ಬೀಳಬಾರದು. ಅವರ ಅನುಕೂಲಕ್ಕೆ ಕಟ್ಟುವ ಕ್ರಮವನ್ನು ಇಲ್ಲಿ ಹೇಳಲಾಗಿದೆ.

ಮೊದಲು ಕಾಡು ಬೇಕು. ಕಾಡಿಲ್ಲದಿದ್ದರೆ ಕಾಫಿ ತೋಟ ಸಾಕು, ಬೆಂಗಳೂರಿನಿಂದ ಬಂದವರಿಗೆ ನೆರಳಿದ್ದದ್ದೆಲ್ಲ ಕಾಡೇ. ಹಿಂದೆ ತೋಟದ ನೆರಳಿಗೆ ಹೊನ್ನೆ, ನಂದಿ, ಮತ್ತಿ, ಹಲಸು, ಅತ್ತಿ, ಬಸರಿ ಇರುತ್ತಿದ್ದವು. ಅವು ಹೋಗಿ ಸಿಲ್ವರ್ ಓಕ್ ಬಂತು. ಅದು ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕೈ ಕಟ್ಟಿದಾಗ ಮಾರಬಹುದು. 1976ರ ಮರ ಸಂರಕ್ಷಣಾ ಕಾಯ್ದೆಯಡಿ ಅದನ್ನು ಕಡಿಯಲು ಅನುಮತಿಗೆ ಅಲೆಯಬೇಕಾಗಿಯೂ ಇಲ್ಲ. ಈ ಸಿಲ್ವರ್‌ನ ತವರು ಆಸ್ಟ್ರೇಲಿಯಾದ ಪೂರ್ವ ಭಾಗ. ಎದುರಿನ ಗುಡ್ಡದ ಅಕೇಶಿಯಾ ಬಂದದ್ದೂ ಅತ್ತ ಕಡೆಯಿಂದಲೇ, ನೀಲಗಿರಿಯೂ ಅಷ್ಟೆ. ಹಾಗಾಗಿ ಬಾಲ್ಕನಿಯಲ್ಲಿ ನಿಂತ ಅತಿಥಿ "ನಮ್ಮ ವೆಸ್ಟರ್ನ್ ಘಾಟ್ಸ್" ಎಂದು ಸ್ಟೇಟಸ್ ಹಾಕುವಾಗ ಫೋಟೋದೊಳಗೆ ಆಸ್ಟ್ರೇಲಿಯಾ ಬಿಟ್ಟು ಬೇರೇನೂ ಇರುವುದಿಲ್ಲ, ಅವರ ಮುಖವೊಂದನ್ನು ಬಿಟ್ಟರೆ. ಅನುಮಾನವಿದ್ದವರು ಕೆಳಗೆ ಬಿದ್ದ ಎಲೆಯನ್ನು ಮಗುಚಿ ನೋಡಿ: ಜರೀಗಿಡದಂತೆ ಸೀಳು ಸೀಳಾಗಿದ್ದು ಅಡಿ ಬೆಳ್ಳಗೆ ಹೊಳೆದರೆ ಸಿಲ್ವರ್.

ಇಲ್ಲೊಂದು ತೊಡಕಿದೆ. ಸಿಲ್ವರ್ ಮನೆ ಹೊರುವ ಮರವಲ್ಲ. ರೆಂಬೆ ಬಲು ಪೆಡಸು, ಜೂನ್ ಗಾಳಿಗೆ ಲಟಕ್ಕನೆ ಮುರಿಯುತ್ತದೆ. ಮನೆ ಹೊರಬಲ್ಲ ಮತ್ತಿ, ಹೊನ್ನೆಗಳು ಆಗಲೇ ಯಾರದೋ ಡೈನಿಂಗ್ ಟೇಬಲ್ ಆಗಿವೆ. ಆದ್ದರಿಂದ ಮರದ ಮನೆಗೆ ಮರವನ್ನೇ ಕಟ್ಟಬೇಕಾಗುತ್ತದೆ. ನಾಲ್ಕಡಿ ಗುಂಡಿ ತೋಡಿ ಕಾಂಕ್ರೀಟ್ ಹಾಕಿ ಕಬ್ಬಿಣದ ಕಂಬ ನಿಲ್ಲಿಸಿ. ಅದಕ್ಕೆ ಕೋಳಿ ಜಾಲರಿ ಸುತ್ತಿ ಗಾರೆ ಮೆತ್ತಿ. ಗಾರೆ ಹಸಿಯಿರುವಾಗಲೇ ಮೇಸ್ತ್ರಿ ಪೊರಕೆ ಕಡ್ಡಿಯಿಂದ ಮೇಲಿಂದ ಕೆಳಕ್ಕೆ ಗೀರೆಳೆದರೆ ತೊಗಟೆ; ಕರಣೆಯ ತುದಿಯಿಂದ ಒಂದು ಗುಳಿ ತೆಗೆದರೆ ಪೊಟರೆ. ಮೇಲೆ ಕಂದು ಬಣ್ಣ, ಅಲ್ಲಲ್ಲಿ ಪಾಚಿಗೆಂದು ಹಸಿರು. ಎರಡು ಮಳೆಗಾಲ ಕಳೆಯುವಾಗ ಜಾಲರಿ ತುಕ್ಕು ಹಿಡಿದು ಉಬ್ಬಿ, ತೊಗಟೆ ಹಾಳೆ ಹಾಳೆಯಾಗಿ ಕಳಚುತ್ತದೆ. ಚಿಂತೆ ಬೇಡ, ನಂದಿ ಮರವೂ ಹಾಗೇ ತೊಗಟೆ ಉದುರಿಸುತ್ತದೆ ಎಂದರಾಯಿತು. ಒಳಗಿನ ಸರಳು ಕಾಣದಂತೆ ಒಂದು ಆರ್ಕಿಡ್ ಕುಂಡ ನೇತುಹಾಕಿ.

ಇಲ್ಲ, ನಿಜವಾದ ಮರಕ್ಕೇ ಕಟ್ಟುತ್ತೇವೆ ಎಂದು ಹಠ ಹಿಡಿದವರೂ ಇದ್ದಾರೆ. ಮರದ ಜೀವವಿರುವುದು ತೊಗಟೆಯ ಕೆಳಗಿನ ತೆಳು ಪದರದಲ್ಲಿ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಿಂದಲೇ. ಮೊಳೆ ಹೊಡೆದರೆ ಮರ ಆ ಗಾಯವನ್ನು ಸುತ್ತಲಿಂದ ಮುಚ್ಚಿ ಬೇರ್ಪಡಿಸಿಕೊಳ್ಳುತ್ತದೆ. ಒಂದೇ ಕಡೆ ನಲವತ್ತು ಮೊಳೆ ಹೊಡೆದರೆ ಗಾಯಗಳು ಕೂಡಿಕೊಂಡು ಒಳಗಿಂದೊಳಗೆ ಕೊಳೆಯುತ್ತವೆ. ಅದಕ್ಕೇ ಈ ಕೆಲಸ ಬಲ್ಲವರು ನಲವತ್ತು ಮೊಳೆಯ ಬದಲು ಒಂದೂವರೆ ಇಂಚು ದಪ್ಪದ ಒಂದೇ ಬೋಲ್ಟ್ ಹಾಕುತ್ತಾರೆ. ಅಮೆರಿಕದ ಓರೆಗಾನ್‌ನ ಮರದ ಮನೆ ಕಟ್ಟುವವರು 1990ರ ದಶಕದಲ್ಲಿ ಇದಕ್ಕೆಂದೇ ಕೊರಳಪಟ್ಟಿಯಿರುವ ಬೋಲ್ಟ್ ಮಾಡಿಕೊಂಡರು. ಎರಡು ಮರಗಳ ನಡುವೆ ತೊಲೆ ಹಾಕುವುದಾದರೆ ಒಂದು ತುದಿ ಬಿಗಿ, ಇನ್ನೊಂದು ತುದಿ ಜಾರುವಂತೆ; ಯಾಕೆಂದರೆ ಎರಡು ಮರ ಒಂದೇ ತಾಳಕ್ಕೆ ತೂಗುವುದಿಲ್ಲ.

ನಮ್ಮಲ್ಲಿ ಎರಡೂ ತುದಿಗೆ ವೆಲ್ಡಿಂಗ್. ಆಮೇಲೆ ಕೋಣೆಯಲ್ಲಿ ಚೌಕಟ್ಟು ಹಾಕಿದ ಫಲಕ: "ಈ ಮನೆಗೆ ಒಂದೂ ಮೊಳೆ ಬಳಸಿಲ್ಲ." ಸತ್ಯವೇ. ಮೊಳೆಯ ಬದಲು ಕಾಂಡದ ಸುತ್ತ ಉಕ್ಕಿನ ಹಗ್ಗ ಬಿಗಿದಿರುತ್ತಾರೆ. ಮರ ವರ್ಷವರ್ಷ ದಪ್ಪಗಾಗುತ್ತದೆ, ಉಕ್ಕಿನ ಹಗ್ಗ ಆಗುವುದಿಲ್ಲ. ಮೂರ್ನಾಲ್ಕು ವರ್ಷಕ್ಕೆ ಹಗ್ಗ ತೊಗಟೆಯೊಳಗೆ ಇಳಿದು ಕಾಣೆಯಾಗುತ್ತದೆ, ಅದರ ಮೇಲ್ಭಾಗ ಕುತ್ತಿಗೆ ಊದಿಕೊಂಡಂತೆ ಉಬ್ಬುತ್ತದೆ, ಬೇರಿಗೆ ಅನ್ನ ಇಳಿಯುವುದು ನಿಲ್ಲುತ್ತದೆ. ಮೊಳೆಯನ್ನೇ ಹೊಡೆದಿದ್ದರೆ ಇನ್ನಷ್ಟು ದಿನ ಬದುಕುತ್ತಿತ್ತು.

ಭಾರದ ಲೆಕ್ಕ ಯಾರೂ ಕೇಳುವುದಿಲ್ಲ, ಆದರೂ ಹೇಳಿಬಿಡೋಣ. ಚಾವಣಿಯ ಪಕ್ಕದ 500 ಲೀಟರಿನ ಟ್ಯಾಂಕ್ ತುಂಬಿದರೆ 500 ಕಿಲೋ. ಇಬ್ಬರ ಜಕೂಝಿ 400 ಲೀಟರ್ ಎಂದರೆ ಇನ್ನು 400 ಕಿಲೋ, ಮೇಲೆ ಆ ಇಬ್ಬರು. ಟೈಲ್ಸು, ಗಾಜು, ಕಮೋಡು, ಗೀಸರು ಸೇರಿಸಿ. ಒಂದು ಸಣ್ಣ ಕಾರಿನಷ್ಟು ತೂಕ ಕೊಂಬೆಯ ಮೇಲೆ ಕುಳಿತಿದೆ, ಅದೂ ಒಳಗೆ ಅಲುಗಾಡುವ ನೀರಿನ ಜತೆ. ಜಕೂಝಿಯ ಅಂಚಿನಲ್ಲೊಂದು ಕಾರ್ಡ್: "ಟವೆಲನ್ನು ಮತ್ತೊಮ್ಮೆ ಬಳಸಿ, ನೀರು ಉಳಿಸಿ." ಕಾರ್ಡಿನ ಪಕ್ಕ ಬಿದಿರಿನ ಹಲ್ಲುಜ್ಜುವ ಬ್ರಷ್, ಪ್ಲಾಸ್ಟಿಕ್ ಹೊದಿಕೆಯಲ್ಲಿ, ಎಳೆಗಳು ನೈಲಾನಿನವು.

ಕಾಂಡ ಕೋಣೆಯ ನಡುವೆ ಹಾದುಹೋಗಬೇಕು, ಇಲ್ಲದಿದ್ದರೆ ಫೋಟೋ ಬರುವುದಿಲ್ಲ. ಮಲೆನಾಡಿನ ಮಳೆಯಲ್ಲಿ ಒಂದು ಪಾಲು ಎಲೆಯಿಂದ ರೆಂಬೆಗೆ, ರೆಂಬೆಯಿಂದ ಕಾಂಡಕ್ಕೆ ಹರಿದು ಕೆಳಗಿಳಿಯುತ್ತದೆ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರ್ ಮೀರುವ ಮಳೆಗೆ ಇದು ಸಣ್ಣ ಸಂಗತಿಯಲ್ಲ. ಚಾವಣಿಗೂ ಕಾಂಡಕ್ಕೂ ನಡುವೆ ಎರಡಿಂಚು ಜಾಗ ಬಿಟ್ಟು, ಸಡಿಲವಾದ ರಬ್ಬರ್ ಕೊರಳು ಹಾಕಬೇಕು, ಮರ ದಪ್ಪಗಾದಂತೆ ಅದನ್ನು ಬಿಚ್ಚಿ ಹಿಗ್ಗಿಸಬೇಕು. ಆದರೆ ಹಾಕುವುದು ಸಿಲಿಕಾನ್ ಅಥವಾ ಎಂ-ಸೀಲ್. ಮೊದಲ ಗಾಳಿಗೆ ಮರ ತೂಗುತ್ತದೆ, ಅಂಟು ಬಿರಿಯುತ್ತದೆ, ನೀರು ಕಾಂಡ ಹಿಡಿದು ನೇರ ಮಂಚದ ತಲೆದೆಸೆಗೆ. ನೀರಿನ ಜತೆ ಚಗಳಿ. ಎಲೆ ಹೊಲಿದು ಗೂಡು ಕಟ್ಟುವ ಈ ಕೆಂಪಿರುವೆಗಳು ಮರದ ಹಳೆಯ ಬಾಡಿಗೆದಾರರು, ಆಧಾರ್ ಕಾರ್ಡ್ ಕೇಳಿದರೆ ಕಚ್ಚುತ್ತವೆ. ಅಡುಗೆಮನೆಯ ಜಾಣ ಭಟ್ಟರಿದ್ದರೆ ಬೆಳಿಗ್ಗೆಗೆ ಚಟ್ನಿಯಾದೀತು. ಸಾಮಾನ್ಯವಾಗಿ ಆಗುವುದು ಹಿಟ್ ಸ್ಪ್ರೇ.

ಇನ್ನು ಬುಡ. ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ-ಎರಡು ಅಡಿ ಮಣ್ಣಿನಲ್ಲಿರುತ್ತವೆ, ಅವಕ್ಕೂ ಗಾಳಿ ಬೇಕು. ಅಲ್ಲೇ ಜೆಸಿಬಿಯಲ್ಲಿ ಸಮತಟ್ಟು ಮಾಡಿ ಇಂಟರ್‌ಲಾಕ್ ಹಾಸಿ ಆರು ಕಾರು ನಿಲ್ಲಿಸಲಾಗುತ್ತದೆ. ಉಳಿದ ಬೇರನ್ನು ಕಡಿದು ಕಕ್ಕಸು ಗುಂಡಿ. ಮರ ತುದಿಯಿಂದ ಒಣಗಲು ಶುರುವಾದಾಗ ಕೃಷಿ ತಜ್ಞರನ್ನು ಕರೆಸಿ ರೋಗ ಯಾವುದೆಂದು ಕೇಳುತ್ತಾರೆ.

ಆದರೆ ಈ ಉದ್ಯಮದ ಕಳಶವೆಂದರೆ ರೇನ್ ಡ್ಯಾನ್ಸ್. ಹತ್ತಡಿ ಎತ್ತರದಲ್ಲಿ ಪಿವಿಸಿ ಪೈಪಿನ ಚೌಕ, ಒಂದೊಂದು ಅಡಿಗೆ ಒಂದು ಶವರ್ ಮೂತಿ, ಒಂದು ಎಚ್‌ಪಿ ಮೋಟರು, ಕೆಳಗೆ ಟೈಲ್ಸು, ಪಕ್ಕದಲ್ಲಿ ಸ್ಪೀಕರ್. ಹಳ್ಳದಿಂದ ನೀರೆತ್ತಿ ಜನರ ತಲೆ ಮೇಲೆ ಸುರಿಯುವುದು. ಜನವರಿಯಲ್ಲಿ ಮಾಡಿದರೆ ಹೋಗಲಿ ಎನ್ನಬಹುದು. ಜುಲೈಯಲ್ಲೂ ಇದೆ. ಹೊರಗೆ ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿಲ್ಲ, ಅಂಗಳದಲ್ಲಿ ಉಂಬಳ ಎದ್ದಿವೆ, ಅತಿಥಿಗಳು ಕೊಡೆ ಹಿಡಿದು ರೇನ್ ಡ್ಯಾನ್ಸಿನ ಜಾಗಕ್ಕೆ ನಡೆಯುತ್ತಾರೆ. ಮಳೆಯಲ್ಲಿ ನೆನೆದರೆ ಶೀತವಾಗುತ್ತದಲ್ಲ. ತಗಡಿನ ಮಾಡಿನ ಕೆಳಗೆ ಮೋಟರಿನ ಮಳೆಯಲ್ಲಿ ನೆನೆಯುವುದಕ್ಕೆ ಸಮಯ ಸಂಜೆ ನಾಲ್ಕರಿಂದ ಐದು. ಕರೆಂಟು ಹೋದರೆ ಡೀಸೆಲ್ ಜನರೇಟರ್ ಇದೆ, ಮಳೆಗೆ ತೊಂದರೆಯಿಲ್ಲ.

ದರ 7,499 ರೂಪಾಯಿ ಇಡಿ. 7,500 ದಾಟಿದರೆ 18 ಶೇಕಡಾ ಜಿಎಸ್‌ಟಿ. ಆ ಒಂದು ರೂಪಾಯಿಯೇ ಇಡೀ ಯೋಜನೆಯಲ್ಲಿ ನಿಜವಾಗಿ ಉಳಿತಾಯವಾಗುವ ಸಂಪನ್ಮೂಲ.

ಮೇ-ಜೂನಿನಲ್ಲಿ ಮಿಂಚುಹುಳು ಪ್ಯಾಕೇಜ್ ಸೇರಿಸಬಹುದು. ಗಂಡು ಹುಳು ಹೆಣ್ಣನ್ನು ಹುಡುಕುವುದು ಮಿನುಗಿನಿಂದ; ಸುತ್ತ ಬೆಳಕಿದ್ದರೆ ಹುಡುಕಾಟ ಕೆಡುತ್ತದೆ. ಆದ್ದರಿಂದ ಹುಳು ಕಾಣದ ರಾತ್ರಿಗೆಂದು ಕಾಂಡಕ್ಕೆ ಸೀರಿಯಲ್ ಸೆಟ್ ಸುತ್ತಿಡುವುದು ವಾಡಿಕೆ. ಹುಳು ಕಾಣದಿರುವುದು ಯಾಕೆಂದರೆ ಸೀರಿಯಲ್ ಸೆಟ್.

ಹಾಗೆಂದು ಮಲೆನಾಡಿನಲ್ಲಿ ನಿಜಕ್ಕೂ ಪರಿಸರಕ್ಕೆ ಭಾರವಾಗದ ಎತ್ತರದ ಮನೆ ಇಲ್ಲವೇ ಇಲ್ಲ ಎನ್ನಲಾಗದು. ಗದ್ದೆ ಕಾಯುವ ಮಾಳ ಇದೆ. ನಾಲ್ಕು ಕವಲು ಗೂಟ, ಮೇಲೆ ಅಡಿಕೆ ದಬ್ಬೆಯ ಹಾಸು, ಸೋಗೆಯ ಮಾಡು, ಬಳ್ಳಿಯ ಕಟ್ಟು, ಹತ್ತಲು ಬಿದಿರೇಣಿ. ಇಬ್ಬರು ಸೇರಿದರೆ ಅರ್ಧ ದಿನದ ಕೆಲಸ. ಭತ್ತ ತೆನೆ ಕಟ್ಟುವಾಗ ಎದ್ದು ನಿಲ್ಲುತ್ತದೆ, ಕೊಯ್ಲು ಮುಗಿದರೆ ಬಚ್ಚಲೊಲೆಗೆ ಹೋಗುತ್ತದೆ. ಸೌಕರ್ಯವೆಂದರೆ ಒಂದು ಕಂಬಳಿ, ಒಂದು ಟಾರ್ಚು, ಬಡಿಯಲು ಒಂದು ಹಳೆಯ ಎಣ್ಣೆ ಡಬ್ಬ.

ರೆಸಾರ್ಟಿನ ಬೇಲಿಯಾಚೆ ಅಂಥ ಮಾಳವೊಂದು ಇದ್ದೇ ಇರುತ್ತದೆ. ಈಚೆಯ ಎಂಜಲು ಗುಂಡಿಯ ಪನೀರು, ಗೋಬಿ ಮಂಚೂರಿ ರುಚಿ ಹತ್ತಿದ ಹಂದಿಗಳು ಊಟ ಮುಗಿಸಿ ಬಾಯಿ ಬದಲಿಸಲು ಗದ್ದೆಗಿಳಿಯುತ್ತವೆ. ಡಿಜೆ ನಿಲ್ಲುವುದು ಹತ್ತಕ್ಕೆ, ಹಂದಿ ಬರುವುದು ಎರಡಕ್ಕೆ. ಎರಡಕ್ಕೆ ಡಬ್ಬ ಬಡಿದು ಕೂ ಹಾಕಿದರೆ, ಬೆಳಿಗ್ಗೆ ಮ್ಯಾನೇಜರು ಬೇಲಿ ಹತ್ತಿರ ಬಂದು ನಿಲ್ಲುತ್ತಾನೆ.

"ಗೌಡ್ರೇ, ನಮ್ ಗೆಸ್ಟುಗಳು ಕಾಡಿನ ಮೌನಕ್ಕೇ ಅಂತ ದುಡ್ಡು ಕೊಟ್ ಬಂದಿರ್ತಾರೆ. ಸ್ವಲ್ಪ ಮೆತ್ತಗೆ ಬಡಿಯೋಕಾಗುತ್ತಾ?"