ಸೋಮಾಲಿಗಳ ಬಾಯಿಪಾಠ, ನಮ್ಮ ಅಕ್ಷರಾಭ್ಯಾಸ

ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡ ಉಳಿಸಿಕೊಡುವುದು ಹೇಗೆ ಎಂಬ ಮಾತು ಎದ್ದಾಗಲೆಲ್ಲ ಅದು ಅಕ್ಷರಮಾಲೆಗೆ ಬಂದು ನಿಲ್ಲುತ್ತದೆ. ಅ ಆ ಇ ಈ ಕಲಿಸಿ, ಕಾಗುಣಿತ ತಿದ್ದಿಸಿ, ಒಂದನೆಯ ತರಗತಿಯ ಪಠ್ಯ ತರಿಸಿ. ಎರಡು ವರ್ಷ ಕಳೆಯುವ ಹೊತ್ತಿಗೆ ಮಗು ಅಂಗಡಿಯ ಹೆಸರನ್ನು ಕೂಡಿಸಿ ಕೂಡಿಸಿ ಓದುತ್ತದೆ, ಆದರೆ ಒಂದು ಪದ್ಯವನ್ನು ಸಲೀಸಾಗಿ ಹೇಳಲಾರದು. ಈ ಕ್ರಮದ ಬಗ್ಗೆ ನನಗೆ ದೊಡ್ಡ ತಕರಾರಿದೆ. ಅದು ಬಲವಾದದ್ದು ಪೂರ್ವ ಲಂಡನ್ನಿನ ನನ್ನ ಸೋಮಾಲಿ ನೆರೆಯವರನ್ನು ನೋಡಿ.

ಸೋಮಾಲಿಗಳು ಈ ಊರಿಗೆ ಹೊಸಬರಲ್ಲ. ಹಡಗುಗಳ ಕುಲುಮೆಗೆ ಕಲ್ಲಿದ್ದಲು ತುಂಬುತ್ತಾ ಬಂದ ನಾವಿಕರು ಹತ್ತೊಂಬತ್ತನೆಯ ಶತಮಾನದ ಕೊನೆಗೇ ಕಾರ್ಡಿಫ್‌ನಲ್ಲಿ, ಲಂಡನ್ನಿನ ಬಂದರು ಕೇರಿಗಳಲ್ಲಿ ನೆಲೆಸಿದ್ದರು. 1988ರಲ್ಲಿ ಸೋಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬಾರೆಯ ಸರ್ಕಾರ ತನ್ನದೇ ದೇಶದ ಹರ್ಗೇಸಾ ನಗರದ ಮೇಲೆ ಬಾಂಬು ಸುರಿಸಿತು. 1991ರಲ್ಲಿ ಆ ಸರ್ಕಾರವೇ ಉರುಳಿತು, ಅಂತರ್ಯುದ್ಧ ದೇಶವನ್ನು ನುಂಗಿತು. ಕುಟುಂಬಗಳು ದಂಡುದಂಡಾಗಿ ಬಂದದ್ದು ಆ ವರ್ಷಗಳಲ್ಲಿ. ನಾವು ಕೆಲಸದ ಆದೇಶಪತ್ರ ಹಿಡಿದು ವಿಮಾನ ಹತ್ತಿದವರು. ಅವರಲ್ಲಿ ಬಹಳ ಮಂದಿ ಉಟ್ಟ ಬಟ್ಟೆಯಲ್ಲಿ ಊರು ಬಿಟ್ಟವರು. ಹೋಲಿಸುವಾಗ ಇದನ್ನು ಮರೆಯಬಾರದು.

ನಮ್ಮ ಮೇಲಿನ ಮಹಡಿಯ ಹಿರಿಯರು ಟ್ಯಾಕ್ಸಿ ಓಡಿಸಿ ನಿವೃತ್ತರಾದವರು. ಅವರ ಮನೆಯ ಬೆಳಗಿನ ಕಂಜೇರೊ ನಮ್ಮ ದೋಸೆಯ ಒಡಹುಟ್ಟಿದ ತಂಗಿ: ರಾತ್ರಿಯೆಲ್ಲ ಹುಳಿ ಬಂದ ಹಿಟ್ಟು, ಒಂದೇ ಮಗ್ಗುಲು ಬೇಯಿಸಿದ್ದು, ಮೈತುಂಬ ತೂತು, ಮೇಲೆ ತುಪ್ಪ ಸಕ್ಕರೆ. ಜೊತೆಗೆ ಏಲಕ್ಕಿ, ದಾಲ್ಚಿನ್ನಿ ಕುದಿಸಿದ ಹಾಲಿನ ಚಹಾ. ಆ ಮನೆಯಲ್ಲಿ ಕುರಾನ್ ಬಿಟ್ಟರೆ ಹೆಚ್ಚು ಪುಸ್ತಕಗಳಿಲ್ಲ. ಇರುವುದು ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್‌ಗಳು. ಅಂಟಿಸಿದ ಚೀಟಿಗಳ ಮೇಲೆ ಬಾಲ್‌ಪೆನ್ನಿನ ಶಾಯಿ ಮಾಸಿದೆ. ಹಾಡುಗಳಿರಬಹುದು ಎಂದುಕೊಂಡಿದ್ದೆ; ಬಹುಪಾಲು ಕವಿತೆಗಳು.

ಹದ್ರಾವಿ ಎಂಬ ಕವಿಯ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದ. ಆಳುವವರನ್ನು ಎದುರಿಸಿದ್ದಕ್ಕೆ 1973ರಿಂದ 1978ರವರೆಗೆ ಸೆರೆಯಲ್ಲಿದ್ದ ಕವಿ ಅವರು, 2022ರಲ್ಲಿ ತೀರಿಕೊಂಡರು. ಹದ್ರಾವಿ ಸೆರೆಯಿಂದ ಬಿಡುಗಡೆಯಾದ ಮರುವರ್ಷವೇ ಗಾರ್ರಿಯೆ ಎಂಬ ಇನ್ನೊಬ್ಬ ಕವಿ ಒಂದು ಕವಿತೆ ಹೊರಡಿಸಿದರು. ಅದಕ್ಕೆ ಹತ್ತಾರು ಕವಿಗಳು, ಹದ್ರಾವಿಯವರೂ ಸೇರಿ, ಕವಿತೆಯಲ್ಲೇ ಮರುನುಡಿದರು, ಎಲ್ಲರೂ ದಕಾರದ ಅನುಪ್ರಾಸಕ್ಕೇ ಕಟ್ಟುಬಿದ್ದು. ಆ ಇಡೀ ವಾಗ್ವಾದ ದೇಶ ಸುತ್ತಿದ್ದು ಕೈಯಿಂದ ಕೈಗೆ ದಾಟಿದ ಕ್ಯಾಸೆಟ್‌ಗಳಲ್ಲಿ. ಸೋಮಾಲಿ ಛಂದಸ್ಸಿನ ನಿಯಮವೇ ಹಾಗೆ: ಕವಿತೆ ನೂರು ಸಾಲಿದ್ದರೂ ಹಿಡಿದ ಒಂದೇ ಅಕ್ಷರ ಪ್ರತಿ ಸಾಲಿನಲ್ಲೂ ಪದದ ಮೊದಲಿಗೆ ಬರಬೇಕು. ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಕೂಡಿಸುವ ನಮ್ಮ ಷಟ್ಪದಿಯನ್ನು ಬಲ್ಲವರಿಗೆ ಇದರ ಉಪಯೋಗ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸಾಲು ತಪ್ಪಿದರೆ ಕಿವಿಯೇ ಹಿಡಿದುಬಿಡುತ್ತದೆ.

ಇನ್ನೊಂದು ಕಟ್ಟಳೆ ನನಗೆ ಬಹಳ ಹಿಡಿಸಿತು. ಮತ್ತೊಬ್ಬರ ಕವಿತೆ ಹೇಳುವವನು ಮೊದಲು ಕವಿಯ ಹೆಸರು ಹೇಳಬೇಕು, ಆಮೇಲೆ ಒಂದು ಪದವನ್ನೂ ಬದಲಿಸದೆ ಒಪ್ಪಿಸಬೇಕು. ವಚನಕಾರರು ಅಂಕಿತವನ್ನು ವಚನದೊಳಗೇ ಹೆಣೆದರು. ಇವರು ಆ ಹೊಣೆಯನ್ನು ಹೇಳುವವನ ನಾಲಿಗೆಗೆ ವಹಿಸಿದರು. ಈ ಭಾಷೆಗೆ ಅಧಿಕೃತ ಲಿಪಿ ಗೊತ್ತಾದದ್ದು 1972ರ ಅಕ್ಟೋಬರ್‌ನಲ್ಲಿ, ಅದೂ ಅರಬ್ಬಿ, ಉಸ್ಮಾನಿಯಾ, ರೋಮನ್ ಲಿಪಿಗಳ ನಡುವೆ ವರ್ಷಗಟ್ಟಲೆ ಜಗ್ಗಾಟ ನಡೆದು ರೋಮನ್ ಗೆದ್ದ ಮೇಲೆ. ಅಲ್ಲಿಯ ತನಕ ಇಡೀ ಸಾಹಿತ್ಯ ಬಹುಮಟ್ಟಿಗೆ ನೆನಪಿನಲ್ಲೇ ಇತ್ತು. ಊರು ಸುಟ್ಟಾಗಲೂ ಉಳಿದದ್ದಕ್ಕೆ ಅದೂ ಒಂದು ಕಾರಣ. ರೇಡಿಯೊ ಹರ್ಗೇಸಾದ ಟೇಪುಗಳನ್ನು ಬಾಂಬಿನಿಂದ ಕಾಪಾಡಲು ನೆಲದಲ್ಲಿ ಹೂತಿಟ್ಟವರಿದ್ದರು.

ಮದುವೆಯಲ್ಲಿ ಹೆಂಗಸರದೇ ಬುರಾನ್‌ಬುರ್ ಎಂಬ ಪದ್ಯಪ್ರಕಾರವಿದೆ. ಲಂಡನ್ನಿನ ಬಾಡಿಗೆ ಸಭಾಂಗಣದಲ್ಲೂ ತೆಳುಬಟ್ಟೆಯ ಉದ್ದನೆಯ ಡಿರಾಕ್ ತೊಟ್ಟ ಹಿರಿಯಾಕೆ ಮದುಮಗಳ ವಂಶವನ್ನು ಹೊಗಳಿ ಹೊಸದಾಗಿ ಕಟ್ಟಿದ ಪದ್ಯ ಹೇಳುತ್ತಾಳೆ. ಸುತ್ತ ನಿಂತವರು ಚಪ್ಪಾಳೆ, ಡೋಲು. ನಮ್ಮ ಸೋಬಾನೆ ಪದಗಳು ಮಾಡುತ್ತಿದ್ದದ್ದೂ ಇದೇ ಕೆಲಸ. ಇಲ್ಲಿ ನಾನು ಕಂಡ ಕನ್ನಡ ಮದುವೆಗಳಲ್ಲಿ ಆ ಜಾಗವನ್ನು ಡಿಜೆ ತೆಗೆದುಕೊಂಡಿದ್ದಾನೆ. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಅವರ ಮಕ್ಕಳೂ ತಮ್ಮತಮ್ಮಲ್ಲಿ ಇಂಗ್ಲಿಷ್ ಆಡುತ್ತಾರೆ, ಅಜ್ಜನ ಕವಿತೆ ಅರ್ಧವೇ ಅರ್ಥವಾಗುತ್ತದೆ. ಹಿರಿಯರು ಅದಕ್ಕೆ ಕೊರಗುವುದನ್ನೂ ಕೇಳಿದ್ದೇನೆ. ಆದರೂ ಬೆತ್ನಲ್ ಗ್ರೀನ್‌ನ ಆಕ್ಸ್‌ಫರ್ಡ್ ಹೌಸ್‌ನಲ್ಲಿ ನಡೆದುಕೊಂಡು ಬಂದ ಸೋಮಾಲಿ ವಾರದ ಉತ್ಸವದಲ್ಲಿ ಕವಿಯನ್ನು ಕೇಳಲು ಜನ ಸೇರುತ್ತಾರೆ. ನಮ್ಮ ಯುಗಾದಿ, ದೀಪಾವಳಿ ಕೂಟಗಳಲ್ಲಿ ಸಿನಿಮಾ ಹಾಡಿನ ಕುಣಿತಕ್ಕೆ ಒಂದು ಗಂಟೆಯಾದರೆ ಕವಿತೆಗೆ ಐದು ನಿಮಿಷ, ಅದೂ ಊಟದ ಸಾಲು ಶುರುವಾದ ಮೇಲೆ.

ನಮಗೆ ಕಿವಿಯ ಓದು ಹೊಸದೇನೂ ಅಲ್ಲ. ಅಕ್ಷರ ಬಾರದ ರೈತರು ಗಮಕಿಯ ಬಾಯಲ್ಲಿ ಕುಮಾರವ್ಯಾಸನನ್ನು ರಾತ್ರಿಯೆಲ್ಲ ಕೇಳಿ ಮರುದಿನ ಹೊಲದಲ್ಲಿ ಅವನ ಸಾಲು ಹೇಳುತ್ತಿದ್ದರು. ಕನ್ನಡಿಗರು ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರು ಎಂದು ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲೇ ಹೊಗಳಿದೆ. ಪುಸ್ತಕಗಳನ್ನು ಸೂಟ್‌ಕೇಸಿನಲ್ಲಿ ತಂದ ನಾವು ಈ ಅಭ್ಯಾಸವನ್ನು ಊರಲ್ಲೇ ಬಿಟ್ಟು ಬಂದೆವು.

ಹಾಗಾಗಿ ನಮ್ಮ ವಾರಾಂತ್ಯದ ಕನ್ನಡ ತರಗತಿಗಳಲ್ಲಿ ಮೊದಲ ಆರು ತಿಂಗಳು ಬರವಣಿಗೆಯೇ ಬೇಡ ಎನ್ನುತ್ತೇನೆ. ವಚನ, ಒಗಟು, ಗಾದೆ, ಶಿಶುಗೀತೆ, ಎರಡು ಷಟ್ಪದಿ, ಎಲ್ಲ ಬಾಯಿಗೇ ಬರಲಿ. ಹೇಳುವ ಮೊದಲು ಮಗು ಯಾರ ಪದ್ಯ ಎಂದು ಹೆಸರು ಹೇಳಲಿ. ಬಾಯಿಗೆ ಬಂದ ಪದ್ಯವನ್ನು ಆಮೇಲೆ ಹಾಳೆಯ ಮೇಲೆ ಗುರುತು ಹಿಡಿಯುವುದು ಮಗುವಿಗೆ ಆಟವಾಗುತ್ತದೆ. ಕಲಿಸುವವರು ಯಾರು ಎಂಬ ಪ್ರಶ್ನೆಗೂ ಉತ್ತರ ನಮ್ಮ ಮನೆಗಳಲ್ಲೇ ಇದೆ. ಆರು ತಿಂಗಳ ವೀಸಾದಲ್ಲಿ ಬರುವ ಅಜ್ಜಿಯರಿಂದ ನಾವು ಚಪಾತಿ ಲಟ್ಟಿಸುವ ಕೆಲಸ, ಮೊಮ್ಮಗುವನ್ನು ಶಾಲೆಯಿಂದ ಕರೆತರುವ ಕೆಲಸ ಮಾಡಿಸುತ್ತೇವೆ. ಅವರಲ್ಲಿ ಹಲವರಿಗೆ ಬೀಸುವ ಕಲ್ಲಿನ ಪದ, ಸಂಪ್ರದಾಯದ ಹಾಡು ಇಂದಿಗೂ ನೆನಪಿದೆ. ಮುಂದಿನ ಶನಿವಾರದಿಂದಲೇ ಅವರನ್ನು ತರಗತಿಗೆ ಕರೆದು ಮೇಷ್ಟರ ಕುರ್ಚಿಯಲ್ಲಿ ಕೂರಿಸೋಣ.